ಒಂದೇ ಪುಡಿ, ಒಂದೇ ದಪ್ಪ, ಆದರೂ ಸೆನ್ಸರ್ ಬೇರೆ ಬೇರೆ: ಥ್ಯಾಲೋಸಯನೈನ್ ಫಿಲ್ಮ್ ಹಾಕುವ ಸಮಗ್ರ ಮಾರ್ಗದರ್ಶಿ

ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದವು. ಹೋದ ವಾರ ಗ್ಯಾಸ್ ಸೆನ್ಸರ್‌ಗೆಂದು ಕಾಪರ್ ಥ್ಯಾಲೋಸಯನೈನ್ ಎಂಬ ನೀಲಿ ಪುಡಿಯ ಫಿಲ್ಮ್ (ತೆಳುಪದರ) ಹಾಕಿದೆ, 50 ನ್ಯಾನೋಮೀಟರ್. ಸೆನ್ಸರ್ ಚೆನ್ನಾಗಿ ಕೆಲಸ ಮಾಡಿತು. ಈ ವಾರ ಅದೇ ಪುಡಿ, ಅದೇ ದಪ್ಪ. ಗ್ಯಾಸ್ ಬಿಟ್ಟರೆ ಕರೆಂಟ್ ಅಲುಗಾಡುತ್ತಲೇ ಇಲ್ಲ. ಏನು ತಪ್ಪಾಯಿತು?

ತಪ್ಪು ಸಾಮಾನ್ಯವಾಗಿ ಇಲ್ಲಿದೆ: ದಪ್ಪವನ್ನು ಮಾತ್ರ ಬರೆದಿಟ್ಟುಕೊಂಡಿರುತ್ತಾರೆ. ಗಾಜು ನಿಜವಾಗಿ ಎಷ್ಟು ಬಿಸಿಯಿತ್ತು, ಫಿಲ್ಮ್ ಎಷ್ಟು ವೇಗವಾಗಿ ಕೂತಿತು, ಆಗ ವ್ಯಾಕ್ಯೂಮ್ ಎಷ್ಟಿತ್ತು, ಹೊರಗೆ ತೆಗೆಯುವ ಮುಂಚೆ ಎಷ್ಟು ತಣಿದಿತ್ತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಸೆನ್ಸರ್‌ನ ಗುಣ ನಿರ್ಧಾರವಾಗುವುದು ಈ ನಾಲ್ಕರಲ್ಲೇ. ಅದಕ್ಕೇ ಇಲ್ಲಿ ಒಂದೇ ವಸ್ತು, ಒಂದೇ ಗ್ಯಾಸ್ ಇಟ್ಟುಕೊಂಡು ಮೊದಲಿನಿಂದ ಹೋಗೋಣ. ವಸ್ತು ಕಾಪರ್ ಥ್ಯಾಲೋಸಯನೈನ್, ಗ್ಯಾಸ್ ನೈಟ್ರೋಜನ್ ಡೈಆಕ್ಸೈಡ್, ವಿಧಾನ ವ್ಯಾಕ್ಯೂಮ್‌ನಲ್ಲಿ ಕಾಯಿಸಿ ಆವಿ ಕೂರಿಸುವುದು.

## ಫಿಲ್ಮ್ ಒಳಗೆ ಏನು ನಡೆಯುತ್ತದೆ

ಕಾಪರ್ ಥ್ಯಾಲೋಸಯನೈನ್ ಪಿ-ಟೈಪ್ ವಸ್ತು. ಅದರಲ್ಲಿ ಕರೆಂಟ್ ಒಯ್ಯುವುದು ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು. ನೈಟ್ರೋಜನ್ ಡೈಆಕ್ಸೈಡ್ ಬಂದು ಮೇಲ್ಮೈಗೆ ಅಂಟಿದಾಗ ಫಿಲ್ಮ್‌ನಿಂದ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ. ಹೋಲ್‌ಗಳು ಹೆಚ್ಚುತ್ತವೆ, ಕರೆಂಟ್ ಏರುತ್ತದೆ. ಅಮೋನಿಯಾ ಕೊಟ್ಟರೆ ಇದಕ್ಕೆ ಉಲ್ಟಾ, ಕರೆಂಟ್ ಇಳಿಯುತ್ತದೆ.

ಗ್ಯಾಸ್ ಅಂಟುವ ಜಾಗಗಳು ಎರಡು ಥರ. ಹರಳಿನ ಹೊರಮೈಯಲ್ಲಿ ಬೇಗ ಅಂಟಿ ಬೇಗ ಬಿಡುತ್ತದೆ. ಹರಳುಗಳ ನಡುವಿನ ಸಂದಿಗಳಲ್ಲಿ ಮತ್ತು ಫಿಲ್ಮ್‌ನ ಒಳಗೆ ನಿಧಾನವಾಗಿ ಇಳಿಯುತ್ತದೆ, ಹೊರಬರಲು ಇನ್ನೂ ನಿಧಾನ. ಗ್ರಾಫ್‌ನಲ್ಲಿ ಕರೆಂಟ್ ಮೊದಲು ಸರ್ರನೆ ಏರಿ, ಆಮೇಲೆ ನಿಲ್ಲದೆ ತೆವಳುತ್ತಾ ಹೋಗುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಆ ತೆವಳುವ ಭಾಗ ಎಷ್ಟಿರಬೇಕು ಅನ್ನುವುದನ್ನು ಫಿಲ್ಮ್ ಹಾಕುವಾಗಲೇ ತೀರ್ಮಾನಿಸಿಬಿಟ್ಟಿರುತ್ತೀರಿ.

## ಬೇಕಾಗುವ ಸಾಮಾನು

ಥರ್ಮಲ್ ಇವ್ಯಾಪರೇಶನ್ ಕೋಟರ್ ಬೇಕು. ನಮ್ಮ ಕಡೆಯ ಹಲವು ಕಾಲೇಜುಗಳಲ್ಲಿ ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್‌ನ ಬೆಲ್‌ಜಾರ್ ಕೋಟರ್ ಇರುತ್ತದೆ, ಅದು ಸಾಕು. ಅದರ ಜೊತೆ ಥಿಕ್‌ನೆಸ್ ಮಾನಿಟರ್ (ದಪ್ಪ ಅಳೆಯಲು), ಸಬ್‌ಸ್ಟ್ರೇಟ್ ಹೀಟರ್ (ಗಾಜು ಬಿಸಿ ಮಾಡಲು), ಶಟರ್ (ಬೇಕಾದಾಗ ಆವಿಯನ್ನು ತಡೆಯಲು) ಇರಲೇಬೇಕು. ಶಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪುಡಿ ಕೊಳ್ಳುವಾಗ ಸಬ್ಲಿಮೇಶನ್ ಮಾಡಿ (ಕರಗಿಸದೆ ನೇರ ಆವಿ ಮಾಡಿ) ಶುದ್ಧಗೊಳಿಸಿದ್ದನ್ನೇ ಕೇಳಿ. ಇದೇ ವಸ್ತು ಪೇಂಟ್ ಮತ್ತು ಪ್ರಿಂಟಿಂಗ್ ಇಂಕ್‌ಗೆ ನೀಲಿ ಬಣ್ಣವಾಗಿಯೂ ಮಾರಾಟವಾಗುತ್ತದೆ. ಆ ದರ್ಜೆಯ ಪುಡಿ ಅಗ್ಗ, ಆದರೆ ಸೆನ್ಸರ್‌ಗೆ ಬೇಡ.

ಗಾಜಿನ ಮೇಲೆ ಬಾಚಣಿಗೆ ಹಲ್ಲಿನಂತೆ ಹೆಣೆದ ಚಿನ್ನದ ಎಲೆಕ್ಟ್ರೋಡ್‌ಗಳು ಬೇಕು. ಹಲ್ಲುಗಳ ನಡುವಿನ ಅಂತರ 10ರಿಂದ 20 ಮೈಕ್ರಾನ್ ಇದ್ದರೆ ಅಳೆಯಲು ಸಲೀಸು. ಮಾಸ್ಕ್ ಇಟ್ಟು 100 ಮೈಕ್ರಾನ್ ಅಂತರದಲ್ಲಿ ಮಾಡಿದರೆ ಕರೆಂಟ್ ತೀರಾ ಕಮ್ಮಿಯಾಗುತ್ತದೆ. ಇಷ್ಟು ಸಣ್ಣ ಅಂತರ ಮೂಡಿಸುವ ಲಿಥೋಗ್ರಫಿ ಸೌಲಭ್ಯ ಇಲ್ಲದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರವನ್ನು ಐಎನ್‌ಯುಪಿ ಯೋಜನೆಯ ಮೂಲಕ ಕೇಳಿ ನೋಡಿ. ಹೊರಗಿನ ವಿದ್ಯಾರ್ಥಿಗಳಿಗಾಗಿಯೇ ಇರುವ ಯೋಜನೆ ಅದು.

## ಹಂತ 1: ಮೊದಲು ಅಳತೆ ಸರಿಮಾಡಿ, ಫಿಲ್ಮ್ ಆಮೇಲೆ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಎರಡು ದಿನ ಹಿಡಿಯುತ್ತದೆ, ಆದರೆ ಎರಡು ತಿಂಗಳು ಉಳಿಸುತ್ತದೆ.

ಥಿಕ್‌ನೆಸ್ ಮಾನಿಟರ್‌ನಲ್ಲಿ ದಪ್ಪ ಅಳೆಯುವ ಕ್ರಿಸ್ಟಲ್ ಒಂದು ಜಾಗದಲ್ಲಿರುತ್ತದೆ, ನಿಮ್ಮ ಗಾಜು ಇನ್ನೊಂದು ಜಾಗದಲ್ಲಿ. ಎರಡಕ್ಕೂ ಒಂದೇ ಪ್ರಮಾಣದ ಆವಿ ಬೀಳುವುದಿಲ್ಲ. ಈ ವ್ಯತ್ಯಾಸವನ್ನು ಟೂಲಿಂಗ್ ಫ್ಯಾಕ್ಟರ್ ಸರಿಪಡಿಸುತ್ತದೆ. ಮಾನಿಟರ್ 100 ನ್ಯಾನೋಮೀಟರ್ ತೋರಿಸುವವರೆಗೆ ಒಂದು ಸಾದಾ ಗಾಜಿನ ಮೇಲೆ ಫಿಲ್ಮ್ ಹಾಕಿ, ಪ್ರೊಫೈಲೋಮೀಟರ್‌ನಲ್ಲಿ ನಿಜವಾದ ದಪ್ಪ ಅಳೆಯಿರಿ. 80 ಬಂದರೆ ಹಳೆಯ ಟೂಲಿಂಗ್ ಸಂಖ್ಯೆಯನ್ನು 0.8ರಿಂದ ಗುಣಿಸಿ ಹೊಸದನ್ನು ಹಾಕಿ. ಡೆನ್ಸಿಟಿ ಜಾಗದಲ್ಲಿ 1.6 ಇರಲಿ. ಹಿಂದಿನವರು ಅಲ್ಯೂಮಿನಿಯಂ ಹಾಕಿ 2.7 ಅಂತ ಬಿಟ್ಟುಹೋಗಿರಬಹುದು, ನೋಡಿಕೊಳ್ಳಿ.

ಎರಡನೆಯದು ಬಿಸಿ. ಹೀಟರ್‌ನ ಡಿಸ್‌ಪ್ಲೇ ತೋರಿಸುವುದು ಹೀಟರ್‌ನ ಉಷ್ಣತೆ, ಗಾಜಿನದಲ್ಲ. ವ್ಯಾಕ್ಯೂಮ್‌ನಲ್ಲಿ ಗಾಳಿ ಇಲ್ಲ, ಹಾಗಾಗಿ ಗಾಜಿಗೆ ಬಿಸಿ ಹೆಚ್ಚಾಗಿ ಮುಟ್ಟಿದ ಜಾಗದಿಂದಲೇ ಹೋಗಬೇಕು. ಕ್ಲಿಪ್ ಸಡಿಲವಿದ್ದರೆ 20-30 ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಒಂದು ಬೇಡದ ಗಾಜಿನ ಮೇಲ್ಮೈಗೆ ಸಣ್ಣ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಿ, ಹೀಟರ್ ಸಂಖ್ಯೆಗೂ ಗಾಜಿನ ಸಂಖ್ಯೆಗೂ ಒಂದು ಪಟ್ಟಿ ಮಾಡಿ. ಆ ಪಟ್ಟಿಯನ್ನು ಮೆಷಿನ್‌ಗೇ ಅಂಟಿಸಿಬಿಡಿ.

ಮೂರನೆಯದು ಗ್ಯಾಸ್ ಚೇಂಬರ್. ನಿಮ್ಮ ಚೇಂಬರ್ 1 ಲೀಟರ್, ಗ್ಯಾಸ್ ಹರಿವು ನಿಮಿಷಕ್ಕೆ 500 ಮಿಲಿಲೀಟರ್ ಅಂದುಕೊಳ್ಳಿ. ಒಳಗಿನ ಗಾಳಿ ಚೆನ್ನಾಗಿ ಬೆರೆಯುತ್ತಿದ್ದರೂ, ಒಳಗಿನ ಗ್ಯಾಸ್ ಪ್ರಮಾಣ 90 ಪರ್ಸೆಂಟ್ ತಲುಪಲು 4.6 ನಿಮಿಷ ಬೇಕು. ಅಂದರೆ ನಿಮ್ಮ ಸೆನ್ಸರ್ ಒಂದೇ ಸೆಕೆಂಡಿನಲ್ಲಿ ಪ್ರತಿಕ್ರಿಯೆ ಕೊಟ್ಟರೂ ಗ್ರಾಫ್ ಐದು ನಿಮಿಷ ತೋರಿಸುತ್ತದೆ! ಫಿಲ್ಮ್ ನಿಧಾನ ಎಂದು ಬೈಯುವ ಮೊದಲು ಚೇಂಬರ್ ಚಿಕ್ಕದು ಮಾಡಿ. 50 ಮಿಲಿಲೀಟರ್‌ಗೆ ಇಳಿಸಿದರೆ ಅದೇ ಹರಿವಿಗೆ 14 ಸೆಕೆಂಡ್ ಸಾಕು.

## ಹಂತ 2: ತೊಳೆಯುವುದು

ಸೋಪಿನ ದ್ರಾವಣ, ಡಿಐ (ಅಯಾನು ತೆಗೆದ ಶುದ್ಧ) ನೀರು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್. ಇದೇ ಕ್ರಮದಲ್ಲಿ, ಸೋನಿಕೇಟರ್‌ನಲ್ಲಿ ತಲಾ 10 ನಿಮಿಷ. ಅಸಿಟೋನ್ ಕೊನೆಗೆ ಬರಬಾರದು. ಅದು ಬೇಗ ಆರಿ ಕಲೆ ಉಳಿಸುತ್ತದೆ. ನೈಟ್ರೋಜನ್ ಊದಿ ಒಣಗಿಸಿ, 120 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಡಿ. ಯುವಿ-ಓಝೋನ್ ಇದ್ದರೆ 10 ನಿಮಿಷ ಕೊಡಿ. ಆದರೆ ಕೊಟ್ಟರೆ ಪ್ರತಿ ಸಲವೂ ಕೊಡಿ. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರೆ ಹರಳು ಬೆಳೆಯುವ ರೀತಿಯೇ ಬದಲಾಗುತ್ತದೆ.

ಜೊತೆಗೆ ತೊಳೆದ ಒಂದು ಸಾದಾ ಗಾಜಿನ ಮೇಲೆ ಉಸಿರು ಬಿಡಿ. ಮಂಜು ಸಮನಾಗಿ ಹರಡಿ ಸಮನಾಗಿ ಆರಿದರೆ ಸರಿ. ತೇಪೆ ತೇಪೆಯಾಗಿ ಕಂಡರೆ ಇಡೀ ಬ್ಯಾಚ್ ಮತ್ತೆ ತೊಳೆಯಬೇಕು.

ಈಗ ಖಾಲಿ ಎಲೆಕ್ಟ್ರೋಡ್‌ಗೆ 5 ವೋಲ್ಟ್ ಕೊಟ್ಟು ಲೀಕೇಜ್ ಅಳೆಯಿರಿ. ಫಿಲ್ಮ್‌ನಲ್ಲಿ ನೀವು ನಿರೀಕ್ಷಿಸುವ ಕರೆಂಟ್‌ನ ನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ ಇರಬೇಕು. ಇಲ್ಲದಿದ್ದರೆ ನೀವು ಮುಂದೆ ಅಳೆಯುವುದು ಗಾಜಿನ ಮೇಲಿನ ತೇವವನ್ನು.

ಚಿನ್ನದ ಹಲ್ಲಿನ ಎತ್ತರವನ್ನೂ ಕೇಳಿ ತಿಳಿದುಕೊಳ್ಳಿ. ಹಲ್ಲು 60 ನ್ಯಾನೋಮೀಟರ್ ಎತ್ತರ, ಫಿಲ್ಮ್ 20 ನ್ಯಾನೋಮೀಟರ್ ಆದರೆ ಆ ಮೆಟ್ಟಿಲಿನ ಅಂಚಿನಲ್ಲಿ ಫಿಲ್ಮ್ ಕಡಿದುಹೋಗುವ ಸಂಭವ ಜಾಸ್ತಿ.

## ಹಂತ 3: ವ್ಯಾಕ್ಯೂಮ್

ಒತ್ತಡ 10⁻⁵ ಮಿಲಿಬಾರ್ ಆದರೆ ಗಾಳಿಯ ಅಣು ಇನ್ನೊಂದಕ್ಕೆ ಡಿಕ್ಕಿಯಾಗದೆ ಸರಾಸರಿ 6 ಮೀಟರ್‌ಗೂ ಜಾಸ್ತಿ ಹೋಗುತ್ತದೆ. ಪುಡಿ ಇಟ್ಟು ಕಾಯಿಸುವ ಬೋಟ್‌ನಿಂದ ಗಾಜಿಗೆ 20 ಸೆಂಟಿಮೀಟರ್. ಹಾಗಾದರೆ 10⁻⁵ ಸಾಕಲ್ವಾ ಎಂದು ಕೇಳುತ್ತಾರೆ. ಆವಿ ತಲುಪಲು ಸಾಕು. ಶುದ್ಧ ಫಿಲ್ಮ್‌ಗೆ ಸಾಲದು.

ಲೆಕ್ಕ ನೋಡಿ. 10⁻⁶ ಮಿಲಿಬಾರ್‌ನಲ್ಲೂ ಉಳಿದ ಗಾಳಿ ಮತ್ತು ನೀರಿನ ಅಣುಗಳು ಹೆಚ್ಚುಕಮ್ಮಿ ಸೆಕೆಂಡಿಗೊಮ್ಮೆ ಒಂದು ಪೂರ್ತಿ ಪದರ ಆಗುವಷ್ಟು ಬಂದು ಬಡಿಯುತ್ತವೆ. ಎಲ್ಲವೂ ಅಂಟುವುದಿಲ್ಲ, ನಿಜ. ಥ್ಯಾಲೋಸಯನೈನ್‌ನ ಒಂದು ಅಣುಪದರ ಸುಮಾರು 1.3 ನ್ಯಾನೋಮೀಟರ್. ಸೆಕೆಂಡಿಗೆ 0.3 ಆಂಗ್‌ಸ್ಟ್ರಾಮ್ (ಒಂದು ನ್ಯಾನೋಮೀಟರ್‌ಗೆ 10 ಆಂಗ್‌ಸ್ಟ್ರಾಮ್) ವೇಗದಲ್ಲಿ ಅದು ಕೂರಲು 43 ಸೆಕೆಂಡ್. ಅಷ್ಟರಲ್ಲಿ ನಲವತ್ತರಷ್ಟು ಪದರಗಳಿಗೆ ಆಗುವ ಕಸ ಬಂದು ಬಡಿದಿರುತ್ತದೆ. 10⁻⁵ರಲ್ಲಿ ಇದು ಹತ್ತು ಪಟ್ಟು. ಅದಕ್ಕೇ ನಿಧಾನವಾಗಿ ಹಾಕುವವರಿಗೆ ಒಳ್ಳೆ ವ್ಯಾಕ್ಯೂಮ್ ಬೇಕೇ ಬೇಕು. ವೇಗ ಇಳಿಸಿ, ವ್ಯಾಕ್ಯೂಮ್ ಹಾಗೇ ಬಿಟ್ಟರೆ ಫಿಲ್ಮ್ ಕೆಡುತ್ತದೆ. ಆಮೇಲೆ ತಪ್ಪು ವೇಗದ್ದು ಎಂದು ಬರೆದುಕೊಳ್ಳುತ್ತಾರೆ.

2×10⁻⁶ ಬರುವವರೆಗೆ ಕಾಯಿರಿ. ಸುರತ್ಕಲ್, ಮಣಿಪಾಲದ ಕಡೆ ಮಳೆಗಾಲದಲ್ಲಿ ಇದಕ್ಕೆ ಬೇಸಿಗೆಗಿಂತ ತುಂಬಾ ಹೊತ್ತು ಹಿಡಿಯುತ್ತದೆ, ಏಕೆಂದರೆ ಬೆಲ್‌ಜಾರ್ ತೆರೆದಿಟ್ಟಷ್ಟು ಹೊತ್ತೂ ಗೋಡೆ ನೀರು ಕುಡಿಯುತ್ತದೆ. ತೆರೆದ ಮೇಲೆ ಹತ್ತು ನಿಮಿಷದಲ್ಲಿ ಮುಚ್ಚಿ. ಡಿಫ್ಯೂಷನ್ ಪಂಪ್ ಇದ್ದರೆ ಲಿಕ್ವಿಡ್ ನೈಟ್ರೋಜನ್ ಟ್ರ್ಯಾಪ್ ತುಂಬಿಸಿಯೇ ಕೆಲಸ ಮಾಡಿ. ಪಂಪಿನ ಎಣ್ಣೆಯ ಆವಿ ಫಿಲ್ಮ್‌ಗೆ ಸೇರಿದರೆ ಕಣ್ಣಿಗೆ ಕಾಣುವುದಿಲ್ಲ, ಸೆನ್ಸರ್‌ನಲ್ಲಿ ಮಾತ್ರ ಗೊತ್ತಾಗುತ್ತದೆ.

## ಹಂತ 4: ಪುಡಿಯನ್ನು ಕಾಯಿಸುವುದು

ಈ ಪುಡಿಗೆ ಬಿಸಿ ಚೆನ್ನಾಗಿ ಹರಿಯುವುದಿಲ್ಲ. ತಳ ಕಾದಿರುತ್ತದೆ, ಮೇಲ್ಭಾಗ ತಣ್ಣಗಿರುತ್ತದೆ. ಒಮ್ಮೆಲೇ ಕರೆಂಟ್ ಏರಿಸಿದರೆ ಕೆಳಗಿನ ಆವಿ ಪುಡಿಯನ್ನೇ ಚಿಮ್ಮಿಸುತ್ತದೆ. ಫಿಲ್ಮ್ ಮೇಲೆ ಕಪ್ಪು ಚುಕ್ಕೆ ಕಂಡರೆ ಕಾರಣ ಇದೇ. ತೆರೆದ ಬೋಟ್‌ಗಿಂತ ಮುಚ್ಚಳದಲ್ಲಿ ತೂತಿರುವ ಬೋಟ್ ಅಥವಾ ಕ್ವಾರ್ಟ್ಸ್ ಕ್ರೂಸಿಬಲ್ ಒಳ್ಳೆಯದು.

ಶಟರ್ ಮುಚ್ಚಿ, 150 ಡಿಗ್ರಿವರೆಗೆ ನಿಧಾನವಾಗಿ ಹೋಗಿ. ಪುಡಿಯ ತೇವ ಹೊರಬಂದು ಒತ್ತಡ ಏರುತ್ತದೆ. ಅದು ಇಳಿಯುವವರೆಗೆ ನಿಲ್ಲಿ. ಆಮೇಲೆ 250-300ರಲ್ಲಿ ಅರ್ಧ ಗಂಟೆ. ಮತ್ತೆ ಒತ್ತಡ ಮೊದಲಿನ ಜಾಗಕ್ಕೆ ಬರಬೇಕು. ಬಂದ ಮೇಲೆಯೇ ಮುಂದೆ ಹೋಗಿ. 350 ದಾಟಿದ ಮೇಲೆ ಎಲ್ಲೋ ಮಾನಿಟರ್‌ನಲ್ಲಿ ವೇಗ ಕಾಣಿಸಲು ಶುರುವಾಗುತ್ತದೆ. ಎಷ್ಟರಲ್ಲಿ ಅನ್ನುವುದು ಬೋಟ್ ಮತ್ತು ಥರ್ಮೋಕಪಲ್ ಇರುವ ಜಾಗದ ಮೇಲೆ ಹೋಗುತ್ತದೆ. ಹಾಗಾಗಿ ನನ್ನ ಸಂಖ್ಯೆ ಹಿಡಿದು ಕೂರಬೇಡಿ, ನಿಮ್ಮ ಮೆಷಿನ್‌ನದ್ದು ಬರೆದಿಡಿ. ಮೊದಲು ಬರುವ 10 ನ್ಯಾನೋಮೀಟರ್‌ನಷ್ಟನ್ನು ಶಟರ್ ಮೇಲೇ ಹೋಗಲು ಬಿಡಿ.

## ಹಂತ 5: ಗಾಜಿನ ಬಿಸಿ

ನಾಲ್ಕು ಅಂಶಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರುವುದು ಇದು. ಇಲ್ಲಿ ಅವಸರ ಬೇಡ.

ಗಾಜು ರೂಮಿನ ಉಷ್ಣತೆಯಲ್ಲಿದ್ದರೆ ಬಂದು ಬಿದ್ದ ಅಣು ಹೆಚ್ಚು ದೂರ ಓಡಾಡುವುದಿಲ್ಲ. ಬಿದ್ದಲ್ಲೇ ಕೂರುತ್ತದೆ. ಹರಳುಗಳು ಸಣ್ಣ, ಹತ್ತಾರು ನ್ಯಾನೋಮೀಟರ್ ಅಷ್ಟೇ. ಸಂದಿಗಳು ಲೆಕ್ಕವಿಲ್ಲದಷ್ಟು. ಇಂಥ ಫಿಲ್ಮ್ ಗ್ಯಾಸ್‌ಗೆ ಪ್ರತಿಕ್ರಿಯೆ ಕೊಡುತ್ತದೆ, ಆದರೆ ಸಂದಿಗೆ ಇಳಿದ ಗ್ಯಾಸ್ ಹೊರಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಬೇಸ್‌ಲೈನ್ (ಗ್ಯಾಸ್ ಇಲ್ಲದಾಗಿನ ಕರೆಂಟ್) ಮೊದಲಿನ ಜಾಗಕ್ಕೆ ಮರಳುವುದೇ ಇಲ್ಲ.

ಗಾಜನ್ನು 100-125 ಡಿಗ್ರಿಗೆ ಏರಿಸಿದರೆ ಅಣುಗಳಿಗೆ ಓಡಾಡಲು ಶಕ್ತಿ ಸಿಗುತ್ತದೆ, ಸರಿಯಾದ ಜಾಗ ಹುಡುಕಿಕೊಂಡು ಕೂರುತ್ತವೆ. ಹರಳು ದೊಡ್ಡದಾಗುತ್ತದೆ, ಸಂದಿ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಚೇತರಿಕೆ ಬೇಗವಾಗುತ್ತದೆ.

ಹಾಗಾದರೆ ಇನ್ನೂ ಏರಿಸೋಣ ಅಂದರೆ? 200 ಡಿಗ್ರಿ ಹತ್ತಿರ ಹೋದಂತೆ ಹರಳುಗಳು ಕಡ್ಡಿಗಳಂತೆ ಉದ್ದವಾಗುತ್ತವೆ, ನಡುವೆ ಖಾಲಿ ಜಾಗ ಬೀಳುತ್ತದೆ. ಮಾನಿಟರ್ 50 ನ್ಯಾನೋಮೀಟರ್ ಅನ್ನುತ್ತದೆ, ಆದರೆ ಕರೆಂಟ್‌ಗೆ ದಾರಿಯೇ ಇಲ್ಲ. ರೆಸಿಸ್ಟೆನ್ಸ್ ನೂರಾರು ಪಟ್ಟು ಏರಿಬಿಡಬಹುದು. ಇನ್ನೂ ಒಂದು ವಿಷಯ: ಬಿಸಿ ಗಾಜಿನಿಂದ ಅಣುಗಳು ಮರಳಿ ಹಾರುತ್ತವೆ, ತಣ್ಣಗಿರುವ ಕ್ರಿಸ್ಟಲ್‌ನಿಂದ ಹಾರುವುದಿಲ್ಲ. ಹಾಗಾಗಿ ಹೆಚ್ಚು ಬಿಸಿಯಲ್ಲಿ ಟೂಲಿಂಗ್ ಮತ್ತೆ ಪರೀಕ್ಷಿಸಬೇಕು.

ಅದೇ ಸುಮಾರಿನಲ್ಲಿ, 200ರ ಮೇಲೆ, ಹರಳಿನ ಜಾತಿಯೂ (ಒಳಗೆ ಅಣುಗಳು ಜೋಡಿಸಿಕೊಂಡಿರುವ ರೀತಿ) ಆಲ್ಫಾದಿಂದ ಬೀಟಾಕ್ಕೆ ಬದಲಾಗಲು ಶುರುವಾಗುತ್ತದೆ. ಎರಡೂ ಬೆರೆತ ಫಿಲ್ಮ್ ಅತಿ ಕೆಟ್ಟದ್ದು, ಒಂದು ಸಲದಂತೆ ಇನ್ನೊಂದು ಸಲ ಬರುವುದಿಲ್ಲ.

ಒಂದು ಎಚ್ಚರಿಕೆ. 1996ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇದೇ ವಸ್ತುವಿನ ಟ್ರಾನ್ಸಿಸ್ಟರ್ ಮಾಡಿ, ಗಾಜಿನ ಬದಲು ಸಿಲಿಕಾನ್ ಮೇಲೆ 125 ಡಿಗ್ರಿಯಲ್ಲಿ ಹಾಕಿದ ಫಿಲ್ಮ್‌ನಲ್ಲಿ ಅತ್ಯುತ್ತಮ ಮೊಬಿಲಿಟಿ (ಹೋಲ್‌ಗಳು ಸಲೀಸಾಗಿ ಓಡುವ ಗುಣ) ಕಂಡರು. ಆ ಸಂಖ್ಯೆಯನ್ನು ಹಲವರು ಸುಮ್ನೆ ನಕಲು ಮಾಡುತ್ತಾರೆ. ಟ್ರಾನ್ಸಿಸ್ಟರ್‌ಗೆ ಸಂದಿ ಶತ್ರು. ಸೆನ್ಸರ್‌ಗೆ ಗ್ಯಾಸ್ ಒಳಗೆ ಬರಲು ಸ್ವಲ್ಪ ಸಂದಿ ಬೇಕು. ನಾನು ಹೊಸಬರಿಗೆ ಹೇಳುವುದು 100 ಡಿಗ್ರಿಯಿಂದ ಶುರು ಮಾಡಿ ಎಂದು.

ಬಿಸಿ ಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಸ್ಥಿರವಾಗಲು ಬಿಡಿ. ಫಿಲ್ಮ್ ಕೂರುವಾಗ ಉಷ್ಣತೆ ಇನ್ನೂ ಏರುತ್ತಿದ್ದರೆ, ಕೆಳಪದರ ಒಂದು ಥರ, ಮೇಲ್ಪದರ ಇನ್ನೊಂದು ಥರ ಆಗುತ್ತದೆ.

## ಹಂತ 6: ವೇಗ ಮತ್ತು ದಪ್ಪ

ಸೆಕೆಂಡಿಗೆ 0.3ರಿಂದ 0.5 ಆಂಗ್‌ಸ್ಟ್ರಾಮ್ ಒಳ್ಳೆಯ ಶುರು. 0.3ರಲ್ಲಿ 50 ನ್ಯಾನೋಮೀಟರ್ ಹಾಕಲು ಸುಮಾರು 28 ನಿಮಿಷ. ಬೇಜಾರಾಗಿ 5ಕ್ಕೆ ಏರಿಸುತ್ತಾರೆ, ನೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಅಣುಗಳು ಓಡಾಡುವ ಮುಂಚೆಯೇ ಮೇಲೆ ಇನ್ನೊಂದಿಷ್ಟು ಬಂದು ಬೀಳುತ್ತವೆ. ಗಾಜನ್ನು ಬಿಸಿ ಮಾಡಿ ಗಳಿಸಿದ್ದನ್ನು ವೇಗ ಕಳೆದುಬಿಡುತ್ತದೆ. ಸರಾಸರಿ ವೇಗಕ್ಕಿಂತ ಏರಿಳಿತ ಮುಖ್ಯ. 0.3ಕ್ಕೂ 2ಕ್ಕೂ ಜಿಗಿಯುತ್ತಿದ್ದರೆ ಶಟರ್ ಮುಚ್ಚಿ, ಸ್ಥಿರವಾದ ಮೇಲೆ ಮುಂದುವರಿಸಿ.

ದಪ್ಪದ ವಿಷಯದಲ್ಲಿ ಒಂದು ಸಂಗತಿ ಮರೆಯುತ್ತಾರೆ. ಎಲೆಕ್ಟ್ರೋಡ್ ಇರುವುದು ಫಿಲ್ಮ್‌ನ ತಳದಲ್ಲಿ, ಕರೆಂಟ್ ಹೆಚ್ಚಾಗಿ ಹರಿಯುವುದೂ ತಳದ ಹತ್ತಿರ. ಗ್ಯಾಸ್ ಬರುವುದು ಮೇಲಿನಿಂದ. 300 ನ್ಯಾನೋಮೀಟರ್ ಹಾಕಿದರೆ ಗ್ಯಾಸ್ ಅಷ್ಟು ದೂರ ಇಳಿಯಬೇಕು. ತೆಳುವಾದಷ್ಟೂ ವೇಗ, ಆದರೆ ತೀರಾ ತೆಳುವಾದರೆ ಫಿಲ್ಮ್ ದ್ವೀಪಗಳಾಗಿ ಒಡೆದಿರುತ್ತದೆ. 30ರಿಂದ 60ರ ನಡುವೆ ಇರಿ.

ಪ್ರತಿ ಸಲವೂ ಎಲೆಕ್ಟ್ರೋಡ್ ಪಕ್ಕದಲ್ಲಿ ಒಂದು ಸಾದಾ ಗಾಜು, ಒಂದು ಸಿಲಿಕಾನ್ ತುಂಡು ಇಡಿ. ಅವೇ ನಿಮ್ಮ ಸಾಕ್ಷಿಗಳು.

## ಹಂತ 7: ತಣಿಸುವುದು ಮತ್ತು ಅನೀಲ್ ಮಾಡುವುದು

ಶಟರ್ ಮುಚ್ಚಿ, ಬೋಟ್ ಆರಿಸಿ, ಆಮೇಲೆ ಹೀಟರ್ ಆರಿಸಿ. ಗಾಜು 50 ಡಿಗ್ರಿಗಿಂತ ಕೆಳಗೆ ಬರುವವರೆಗೆ ವ್ಯಾಕ್ಯೂಮ್ ಮುರಿಯಬೇಡಿ. ಬಿಸಿ ಫಿಲ್ಮ್‌ಗೆ ಗಾಳಿ ಬಿಟ್ಟರೆ ಆಕ್ಸಿಜನ್ ಒಮ್ಮೆಲೇ ನುಗ್ಗುತ್ತದೆ. ಆಕ್ಸಿಜನ್ ಕೂಡ ಎಲೆಕ್ಟ್ರಾನ್ ಎಳೆಯುವ ಗ್ಯಾಸ್ ತಾನೇ? ಶುರುವಿನ ಕರೆಂಟ್ ಒಂದೊಂದು ಸಲ ಒಂದೊಂದು ಬರುವುದಕ್ಕೆ ಇದು ದೊಡ್ಡ ಕಾರಣ. ಸಾಧ್ಯವಾದರೆ ಗಾಳಿಯ ಬದಲು ಒಣ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಮುರಿಯಿರಿ.

ಸೆನ್ಸರ್ 120 ಡಿಗ್ರಿಯಲ್ಲಿ ಓಡಿಸುವುದಾದರೆ 150ರಲ್ಲಿ ಎರಡು ಗಂಟೆ ನೈಟ್ರೋಜನ್‌ನಲ್ಲಿ ಅನೀಲ್ ಮಾಡಿ, ಅಂದರೆ ಬಿಸಿಯಲ್ಲಿಟ್ಟು ಫಿಲ್ಮ್ ಸ್ಥಿರವಾಗಲು ಬಿಡಿ. ಅನೀಲ್ ಉಷ್ಣತೆ ಯಾವಾಗಲೂ ಓಡಿಸುವ ಉಷ್ಣತೆಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಗ್ಯಾಸ್ ಪರೀಕ್ಷೆಯ ನಡುವೆಯೇ ಫಿಲ್ಮ್ ಬದಲಾಗುತ್ತಾ ಇರುತ್ತದೆ. 200ರ ಮೇಲೆ ಹೋಗಬೇಡಿ. ಅನೀಲ್ ಆದ ಮೇಲೆ ಒಂದು ದಿನ ಕತ್ತಲಲ್ಲಿ ಡೆಸಿಕೇಟರ್‌ನಲ್ಲಿ (ತೇವವಿಲ್ಲದ ಡಬ್ಬಿಯಲ್ಲಿ) ಇಡಿ.

## ಹಂತ 8: ಗ್ಯಾಸ್ ಕೊಡುವ ಮುನ್ನ ಫಿಲ್ಮ್ ನೋಡಿ

ಸಾದಾ ಗಾಜನ್ನು ಯುವಿ-ವಿಸಿಬಲ್ ಮೆಷಿನ್‌ನಲ್ಲಿಡಿ, ಫಿಲ್ಮ್ ಯಾವ ಬೆಳಕನ್ನು ಹೀರುತ್ತದೆ ಎಂದು ಅದು ತೋರಿಸುತ್ತದೆ. ಆಲ್ಫಾ ಆದರೆ 620 ಮತ್ತು 690 ನ್ಯಾನೋಮೀಟರ್ ಸುತ್ತ ಎರಡು ಶಿಖರ ಕಾಣುತ್ತದೆ, 620ರದ್ದು ಎತ್ತರ. ಬೀಟಾ ಆದರೆ ಅವು 645 ಮತ್ತು 720ರ ಕಡೆ ಸರಿಯುತ್ತವೆ. ಹತ್ತು ನಿಮಿಷದ ಕೆಲಸ, ಆದರೆ ಹಂತ 5ರಲ್ಲಿ ತಪ್ಪಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಸಿಲಿಕಾನ್ ತುಂಡನ್ನು ಎಕ್ಸ್‌ಆರ್‌ಡಿಗೆ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಕೊಟ್ಟರೆ ಆಲ್ಫಾಗೆ 6.8 ಡಿಗ್ರಿ ಹತ್ತಿರ ಶಿಖರ ಬರಬೇಕು. ಅಷ್ಟು ಕೆಳಗಿನ ಕೋನದಿಂದ ಸ್ಕ್ಯಾನ್ ಶುರು ಮಾಡಲು ಮೊದಲೇ ಹೇಳಿ. ಹಲವು ಕಡೆ 10 ಡಿಗ್ರಿಯಿಂದ ಶುರು ಮಾಡಿ, ಶಿಖರವೇ ಇಲ್ಲ ಎಂದು ಕಳಿಸಿಬಿಡುತ್ತಾರೆ.

## ಹಂತ 9: ಗ್ಯಾಸ್ ಪರೀಕ್ಷೆ

ನೈಟ್ರೋಜನ್ ಡೈಆಕ್ಸೈಡ್ ವಿಷ. ಉಸಿರಾಡಿದಾಗ ಏನೂ ಆಗಿಲ್ಲ ಅನ್ನಿಸಿ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಚೇಂಬರ್‌ನ ಹೊರಹರಿವು ಫ್ಯೂಮ್ ಹುಡ್ ಒಳಗೇ ಹೋಗಬೇಕು. ರಾತ್ರಿ ಒಬ್ಬರೇ ಈ ಕೆಲಸ ಮಾಡಬೇಡಿ.

10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 10 ಭಾಗ ಗ್ಯಾಸ್) ಸಿಲಿಂಡರ್‌ನಿಂದ 50 ಮಿಲಿಲೀಟರ್, ಒಣ ಗಾಳಿ 450 ಮಿಲಿಲೀಟರ್ ಬೆರೆಸಿದರೆ 1 ಪಿಪಿಎಂ. ಒಟ್ಟು ಹರಿವು ಯಾವಾಗಲೂ 500 ಇರಲಿ. ಬದಲಾದರೆ ಸೆನ್ಸರ್ ತಣ್ಣಗಾಗಿ ಅದೇ ಒಂದು ಸುಳ್ಳು ಸಿಗ್ನಲ್ ಆಗುತ್ತದೆ. ಭಾರತದ ಗಾಳಿ ಗುಣಮಟ್ಟದ ಮಿತಿ 24 ಗಂಟೆಯ ಸರಾಸರಿ ಘನ ಮೀಟರ್‌ಗೆ 80 ಮೈಕ್ರೋಗ್ರಾಂ, ಅಂದರೆ ಸುಮಾರು 0.04 ಪಿಪಿಎಂ. ರಸ್ತೆಯ ಗಾಳಿ ಅಳೆಯುವ ಆಸೆ ಇದ್ದರೆ ನೀವು ಮುಟ್ಟಬೇಕಾದ ಜಾಗ ಅದು. 50 ಪಿಪಿಎಂನಲ್ಲಿ ಬಂದ ದೊಡ್ಡ ಪ್ರತಿಕ್ರಿಯೆ ನೋಡಿ ಖುಷಿಪಡಬೇಡಿ.

ರಾತ್ರಿಯಿಡೀ ಓಡಿಸುವ ಉಷ್ಣತೆಯಲ್ಲಿ ಒಣ ಗಾಳಿ ಹರಿಸಿ. ಮೊದಲ ಮೂರು ಸಲದ ಗ್ಯಾಸ್ ಪ್ರತಿಕ್ರಿಯೆ ಲೆಕ್ಕಕ್ಕೆ ಹಿಡಿಯಬೇಡಿ. ಚೇಂಬರ್ ಕತ್ತಲಿರಲಿ, ಈ ವಸ್ತು ಬೆಳಕಿಗೂ ಕರೆಂಟ್ ಏರಿಸುತ್ತದೆ.

## ಯಾವುದನ್ನು ಯಾವಾಗ ಬದಲಾಯಿಸಬೇಕು

ಮೊದಲು 100 ಡಿಗ್ರಿ, 0.3 ಆಂಗ್‌ಸ್ಟ್ರಾಮ್, 50 ನ್ಯಾನೋಮೀಟರ್. ಇದನ್ನೇ ಮೂರು ಸಲ ಮಾಡಿ. ಮೂರೂ ಒಂದೇ ಥರ ಬರುವವರೆಗೆ ಏನನ್ನೂ ಬದಲಾಯಿಸಬೇಡಿ. ಗೈಡ್ ಹೊಸ ಗ್ರಾಫ್ ಕೇಳುತ್ತಾರೆ ಎಂದು ಅವಸರದಲ್ಲಿ ಮುಂದೆ ಹೋದವರನ್ನು ತುಂಬಾ ಕಂಡಿದ್ದೇನೆ. ಅವರ ಆರು ತಿಂಗಳ ಡೇಟಾ ಕೊನೆಗೆ ಯಾವುದಕ್ಕೂ ಬಳಸಲಾಗಲಿಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಆಮೇಲೆ ಗಾಜಿನ ಬಿಸಿ ಮಾತ್ರ ಬದಲಾಯಿಸಿ. 30, 60, 100, 130, 160 ಎಂದು ಸಾಲಾಗಿ ಬೇಡ. 100, 30, 160, 60, 130 ಹೀಗೆ ಕಲಸಿ ಮಾಡಿ. ಸಾಲಾಗಿ ಮಾಡಿದರೆ ದಿನ ಕಳೆದಂತೆ ಬೋಟ್‌ನ ಪುಡಿ ಹಳತಾಗುವುದು, ಚೇಂಬರ್ ಕೊಳಕಾಗುವುದು ಕೂಡ ಉಷ್ಣತೆಯ ಪರಿಣಾಮದಂತೆಯೇ ಕಾಣುತ್ತದೆ. ವೇಗ ಮತ್ತು ದಪ್ಪ ಇದಾದ ಮೇಲೆ.

## ಎಚ್ಚರಿಕೆಯ ಗುರುತುಗಳು

ಫಿಲ್ಮ್ ಹಸಿರು ಬೆರೆತ ನೀಲಿಯಾಗಿದೆ. ಬೀಟಾ ಸೇರಿಕೊಂಡಿದೆ. ಗಾಜು ನೀವಂದುಕೊಂಡಿದ್ದಕ್ಕಿಂತ ಬಿಸಿಯಿತ್ತು, ಹಂತ 1ರ ಪಟ್ಟಿ ಮತ್ತೆ ಮಾಡಿ.

ಫಿಲ್ಮ್ ಹೊಳೆಯುವ ಬದಲು ಮಂಜು ಕವಿದಂತಿದೆ. ಕಡ್ಡಿ ಹರಳುಗಳಿರಬಹುದು. ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಕರೆಂಟ್ ಕಮ್ಮಿಯಿದ್ದರೆ ಅದೇ ಕಾರಣ.

ಫಿಲ್ಮ್ ಕೂರುವಾಗ ಒತ್ತಡ ದಿಢೀರ್ ಏರಿತು. ಪುಡಿಯ ತೇವ ಪೂರ್ತಿ ಹೋಗಿಲ್ಲ ಅಥವಾ ಬೋಟ್ ಅತಿಯಾಗಿ ಕಾದಿದೆ. ಶಟರ್ ಮುಚ್ಚಿ. ಆ ಸ್ಯಾಂಪಲ್‌ನ ಮೇಲೆ ಗುರುತು ಹಾಕಿ, ಸೆನ್ಸರ್‌ಗೆ ಬಳಸಬೇಡಿ.

ಕರೆಂಟ್-ವೋಲ್ಟೇಜ್ ಗೆರೆ ನೇರವಾಗಿಲ್ಲ. ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ನೋಡಿ. ಬಾಗಿದ್ದರೆ ಚಿನ್ನದ ಮೇಲೆ ಕೊಳೆ ಇತ್ತು ಅಥವಾ ಮೆಟ್ಟಿಲಿನಲ್ಲಿ ಫಿಲ್ಮ್ ಕಡಿದಿದೆ.

ಗ್ಯಾಸ್ ನಿಲ್ಲಿಸಿದರೂ ಕರೆಂಟ್ ಏರುತ್ತಲೇ ಇದೆ. ಪೈಪ್‌ನಲ್ಲಿ ಗ್ಯಾಸ್ ಉಳಿದಿದೆ. ರಬ್ಬರ್ ಪೈಪ್ ತೆಗೆದು ಟೆಫ್ಲಾನ್ ಪೈಪ್ ಹಾಕಿ, ಅದೇ ಸ್ಯಾಂಪಲ್ ಮತ್ತೆ ಪರೀಕ್ಷಿಸಿ. ಆಗಲೂ ಹಾಗೇ ಬಂದರೆ ಮಾತ್ರ ಫಿಲ್ಮ್ ಕಡೆ ತಿರುಗಿ ನೋಡಿ.